ನವಿಲು ಹಸಿರಿನ ಗೆರೆ

ಕಳೆದ ಆಷಾಢದ ಒಂದು ಮಧ್ಯಾಹ್ನ ಅತ್ತಿಬೆಲೆಯಿಂದ ಹೊಸೂರಿಗೆ ವಾಪಸ್ಸು ಬರುತ್ತಿದ್ದೆವು. ಜೂಜುವಾಡಿಯ ಹತ್ತಿರ ಲಾರಿಗಳ ಸಾಲು ಎಂದಿನಂತೆ ಜಗ್ಗದೆ ನಿಂತಿತ್ತು. ನಮ್ಮ ಯಜಮಾನರಿಗೆ ಹಸಿವು ತಡೆದು ಗೊತ್ತಿಲ್ಲ. ಸ್ಕೂಟರನ್ನು ರಸ್ತೆ ಪಕ್ಕದ ಹೊಸ ಹೋಟೆಲೊಂದರ ಅಂಗಳಕ್ಕೆ ತಿರುಗಿಸಿಬಿಟ್ಟರು. ಇಳಿದು ತಲೆ ಎತ್ತಿದರೆ, ಸಿಮೆಂಟಿನ ಕಟ್ಟೆಯ ಮೇಲೆ ಆ ಹಾರುವ ಯಂತ್ರ ನಿಂತಿತ್ತು.

ಕೆಂಪು ಹಳದಿ ಬಣ್ಣ ಬಳಿದು ಮೂಗಿನ ಮೇಲೆ ಹೋಟೆಲಿನ ಹೆಸರು ಬರೆಸಿದ್ದರು. ಬೆನ್ನ ಹಿಂದಿನ ಎಂಜಿನ್ ಕಿತ್ತು ಆ ಜಾಗಕ್ಕೆ ತಗಡಿನ ಡಬ್ಬ ಕೂರಿಸಿದ್ದರು. ಹತ್ತಿ ಕೂತು ಫೋಟೋ ತೆಗೆಸಿಕೊಳ್ಳಲು ಮೂರು ಮೆಟ್ಟಿಲು ಬೇರೆ. ಇಷ್ಟೆಲ್ಲ ವೇಷ ಹಾಕಿದರೂ ನನಗೆ ಗುರುತು ಸಿಗದೆ ಇರುತ್ತದೆಯೇ? ಅದರ ಒಂದೊಂದು ಬೋಲ್ಟನ್ನೂ ಒಂದು ವರ್ಷ ಕಾಲ ಮುಟ್ಟಿ ನೋಡಿದ ಕೈ ಇದು.

"ಸರೋಜಾ, ಇದು ನಿಮ್ ಶೆಡ್ದು ಅಲ್ವೇನೇ?" ಎಂದರು ಯಜಮಾನರು.

"ಶೆಡ್ದಲ್ಲ, ನನ್ನ ಗ್ರಹಚಾರದ್ದು" ಎಂದೆ.

ಮೈ ಉರಿದದ್ದು ಯಂತ್ರ ಕಂಡದ್ದಕ್ಕಲ್ಲ. ಆಷಾಢದ ಗಾಳಿಗೆ ಅದರ ತಲೆಯ ಮೇಲಿನ ಉದ್ದನೆಯ ರೆಕ್ಕೆ ಮೆಲ್ಲಗೆ ತಿರುಗುತ್ತಿತ್ತು. ಹಗ್ಗ ಕಟ್ಟಿರಲಿಲ್ಲ. ಏಳು ವರ್ಷದ ಹಿಂದೆ ಎಲ್ಲ ಕೆಟ್ಟದ್ದೂ ಶುರುವಾದದ್ದು ಹೀಗೆಯೇ, ಒಂದು ಹಗ್ಗ ಕಟ್ಟದೆ.

ಆ ವರ್ಷದ ಬಗ್ಗೆ ನನ್ನ ಬಾಯಲ್ಲಿ ಒಳ್ಳೆಯ ಮಾತು ಬರುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನಾನು ಮಾಲೂರು ಕಡೆಯವಳು, ಮದುವೆಯಾಗಿ ಹೊಸೂರಿಗೆ ಬಂದವಳು. ಗಿಯರ್ ಮಾಡುವ ಒಂದು ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ತಪಾಸಣೆಯ ಕೆಲಸ ಮಾಡಿದ್ದೆ. ತಯಾರಾಗಿ ಬಂದ ಸಾಮಾನನ್ನು ನೋಡಿ ಪಾಸು ಮಾಡುವುದು, ಇಲ್ಲವಾದರೆ ಪಕ್ಕಕ್ಕೆ ತಳ್ಳುವುದು. ಬೇಡ ಎನ್ನುವುದಕ್ಕೇ ಸಂಬಳ ಕೊಡುವ ಕೆಲಸ ಪ್ರಪಂಚದಲ್ಲಿ ಅದೊಂದೇ ಇರಬೇಕು. ನನ್ನ ಸ್ವಭಾವಕ್ಕೆ ಚೆನ್ನಾಗಿ ಒಗ್ಗಿತ್ತು. ಆ ಕಾರ್ಖಾನೆ ಬೇರೆ ಊರಿಗೆ ಹೋದ ಮೇಲೆ, ಉದ್ದನಪಲ್ಲಿಯ ಹತ್ತಿರ ಯಾರೋ ವಿಮಾನ ಮಾಡುತ್ತಾರಂತೆ, ತಪಾಸಣೆಗೆ ಜನ ಬೇಕಂತೆ ಎಂದು ಕೇಳಿ ಹೋದೆ.

ವಿಮಾನವೂ ಇಲ್ಲ, ಮಣ್ಣೂ ಇಲ್ಲ. ಟೊಮೆಟೊ ತೋಟಗಳ ನಡುವೆ ಒಂದು ತಗಡಿನ ಶೆಡ್ಡು. ಬೆಳಗಾದರೆ ಪಕ್ಕದ ಗುಲಾಬಿ ಪಾಲಿಹೌಸಿನಿಂದ ಔಷಧಿ ವಾಸನೆ. ಒಳಗೆ ನಾನೂ ಸೇರಿದರೆ ಎಂಟು ಜನ ಕೆಲಸಗಾರರು, ಅರ್ಧ ಮುಗಿದ ಒಂದು ಯಂತ್ರ, ಅದರ ಪಕ್ಕ ಬಿಳಿ ಬೂಟು ಹಾಕಿಕೊಂಡು ನಿಂತ ಮಾಲೀಕ. ಹೆಸರು ಪ್ರಭಾಕರ, ಬೆಂಗಳೂರಿನವನು. ಎಂಟು ಜನರ ಶೆಡ್ಡಿಗೆ ತನ್ನನ್ನು ಎಂ.ಡಿ. ಸಾರ್ ಎಂದೇ ಕರೆಯಬೇಕೆಂದು ಹೇಳಿಟ್ಟಿದ್ದ. "ಇಲ್ಲಿ ಯಾರೂ ಕೆಲಸಗಾರರಲ್ಲ, ನಾವೆಲ್ಲ ಒಂದೇ ಫ್ಯಾಮಿಲಿ" ಎಂಬುದು ಅವನು ನನಗೆ ಆಡಿದ ಮೊದಲ ಮಾತು. ಆ ಮಾತಾಡುವ ಮಾಲೀಕರನ್ನು ಕಂಡರೆ ನಾನು ಕೈಚೀಲವನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ. ಆದರೂ ಸೇರಿದೆ. ಕೆಲಸ ಬೇಕಿತ್ತು.

ಅವರು ಮಾಡುತ್ತಿದ್ದದ್ದು ಹೆಲಿಕಾಪ್ಟರ್ ಅಲ್ಲ. ಹೆಲಿಕಾಪ್ಟರಿನ ತಲೆಯ ಮೇಲಿನ ರೆಕ್ಕೆಯನ್ನು ಎಂಜಿನ್ ತಿರುಗಿಸುತ್ತದೆ. ಇದು ಗೈರೋ. ಇದರ ಎಂಜಿನ್ ಬೆನ್ನ ಹಿಂದೆ ಒಂದು ಫ್ಯಾನು ತಿರುಗಿಸಿ ಯಂತ್ರವನ್ನು ಮುಂದಕ್ಕೆ ತಳ್ಳುತ್ತದೆ, ಅಷ್ಟೇ. ತಲೆಯ ಮೇಲಿನ ರೆಕ್ಕೆ ಎದುರುಗಾಳಿಗೆ ತಾನೇ ತಿರುಗಿಕೊಂಡು ಯಂತ್ರವನ್ನು ಎತ್ತುತ್ತದೆ. ನಡುವೆ ಎಂಜಿನ್ ಕೈಕೊಟ್ಟರೂ ರೆಕ್ಕೆ ತಿರುಗುತ್ತಲೇ ಮೆಲ್ಲಗೆ ಕೆಳಗಿಳಿಸುತ್ತದೆ. ಸಾಧು ಪ್ರಾಣಿ. ಅದಕ್ಕಿರುವ ಪ್ರಾಣಸ್ಥಾನ ಒಂದೇ: ರೆಕ್ಕೆಗಳನ್ನು ಕಂಬದ ತುದಿಗೆ ಹಿಡಿದಿಟ್ಟಿರುವ, ಕಿರುಬೆರಳು ಗಾತ್ರದ ಒಂದು ಬೋಲ್ಟು. ನಾವು ತಲೆ ಬೋಲ್ಟು ಎನ್ನುತ್ತಿದ್ದೆವು. ರೆಕ್ಕೆ ಏತದ ಹಾಗೆ ಆಚೀಚೆ ತೂಗುವುದು ಅದರ ಮೇಲೆ. ಕೆಳಗೆ ಕೂತವರ ಜೀವ ಜೋತುಬಿದ್ದಿರುವುದೂ ಅದಕ್ಕೇ. ಎತ್ತಿನ ಗಾಡಿಯ ಕಡಾಣಿ ಬಿದ್ದರೆ ಚಕ್ರ ಕಳಚಿ ಗಾಡಿ ಮಗುಚುತ್ತದೆ, ಮೈ ಕೈ ತರಚುತ್ತದೆ. ಇಲ್ಲಿ ಕಡಾಣಿ ಬೀಳುವುದು ಆಕಾಶದಲ್ಲಿ.

ಫಿಟ್ಟರ್ ಮುನಿರಾಜಣ್ಣ ಉದ್ದನಪಲ್ಲಿಯವನೇ, ಐವತ್ತೈದರ ಆಸುಪಾಸು. ಯಂತ್ರವನ್ನು ಓಡಿಸಿ ನೋಡಲು ತನ್ನ ರಾಗಿ ಹೊಲವನ್ನೇ ಸಮ ಮಾಡಿ ಬಿಟ್ಟುಕೊಟ್ಟಿದ್ದ. ಆ ಶೆಡ್ಡಿನಲ್ಲಿ ನಾನು ಮನಸಾರೆ ಗೌರವಿಸಿದ ಒಬ್ಬನೇ ಮನುಷ್ಯ ಅವನು. ಸ್ಪ್ಯಾನರ್ ಹಿಡಿದರೆ ಅವನ ಮಣಿಕಟ್ಟಿಗೇ ಬಿಗಿ ಎಷ್ಟೆಂದು ಗೊತ್ತಾಗುತ್ತಿತ್ತು. ಬಿಗಿ ಮಾಡಿದ ನಟ್ಟಿಗೆ ಅವನು ಹಳದಿ ಚುಕ್ಕೆ ಇಡುತ್ತಿದ್ದ. ಆಮೇಲೆ ನಾನು ಹೋಗಿ ಪರೀಕ್ಷಿಸಿ, ನಟ್ಟಿನಿಂದ ಪಕ್ಕದ ಲೋಹದವರೆಗೆ ಒಂದು ಗೆರೆ ಎಳೆಯುತ್ತಿದ್ದೆ. ನಟ್ಟು ಒಂದು ಕೂದಲೆಳೆ ಸಡಿಲಾದರೂ ಗೆರೆ ಮುರಿದು ಎರಡಾಗಿ ಕಾಣುತ್ತದೆ. ಇದಕ್ಕೆಂದೇ ಬರುವ ಬಣ್ಣ ನಮ್ಮ ಶೆಡ್ಡಿನ ಕಾವಿಗೆ ಸೀಸೆಯಲ್ಲೇ ಒಣಗಿ ಹೋಗುತ್ತಿತ್ತು. ನಾನು ಹೊಸೂರು ಬಸ್ ಸ್ಟ್ಯಾಂಡಿನ ಎದುರಿನ ಫ್ಯಾನ್ಸಿ ಸ್ಟೋರಿನಿಂದ ನೈಲ್ ಪಾಲಿಶ್ ತಂದೆ. ನವಿಲು ಹಸಿರು ಬಣ್ಣ. ಅಂಗಡಿಯವನು ಅದನ್ನು ಹಿಂದಿನ ಸಾಲಿನಿಂದ ಧೂಳು ಒರೆಸಿ ಕೊಟ್ಟ. ಯಾವ ಹೆಣ್ಣೂ ಉಗುರಿಗೆ ಹಚ್ಚಿಕೊಳ್ಳದ ಬಣ್ಣವೆಂದೇ ಅದನ್ನು ಆರಿಸಿದ್ದೆ, ಬೇರೆ ಯಾರ ಹತ್ತಿರವೂ ಇರಬಾರದೆಂದು.

"ಬೋಲ್ಟು ಮದ್ವೆ ಮನೆಗೆ ಹೊಂಟಂಗೈತಲ್ಲಮ್ಮ" ಎಂದು ಮುನಿರಾಜಣ್ಣ ನಗುತ್ತಿದ್ದ.

ನನ್ನ ಕೆಲಸದಲ್ಲಿ ಉಗುರಿಗೂ ಪಾಲಿತ್ತು. ಹೆಬ್ಬೆರಳ ಉಗುರನ್ನು ಬೋಲ್ಟಿನ ಮೈಮೇಲೆ ಉದ್ದಕ್ಕೂ ಎಳೆಯಬೇಕು. ಜಾರಿಕೊಂಡು ಹೋದರೆ ಸರಿ. ಎಲ್ಲಾದರೂ ತಡೆದರೆ, ಕಣ್ಣಿಗೆ ಕಾಣದಿದ್ದರೂ ಅಲ್ಲಿ ಗೀರು ಇದೆಯೆಂದು ಅರ್ಥ. ಗೀರು ಬಿದ್ದ ಬೋಲ್ಟು ಅಲ್ಲಿಂದಲೇ ಮುರಿಯುತ್ತದೆ. ಇವತ್ತೋ, ನೂರನೇ ಸಲವೋ, ಹೇಳಲು ಆಗುವುದಿಲ್ಲ. ಅಳತೆಯ ಸಾಧನಗಳು ಎಷ್ಟೇ ಇರಲಿ, ನಾನು ಮೊದಲು ನಂಬುವುದು ಉಗುರನ್ನು.

ಯಂತ್ರ ಓಡಿಸುತ್ತಿದ್ದವರು ಕ್ಯಾಪ್ಟನ್ ಸೆಲ್ವಂ. ಕೃಷ್ಣಗಿರಿಯವರು, ಸೈನ್ಯದಲ್ಲಿ ಹೆಲಿಕಾಪ್ಟರ್ ಹಾರಿಸಿ ನಿವೃತ್ತರಾದವರು. ತಮಿಳು ಬೆರೆತ ಕನ್ನಡ. ಎಂ.ಡಿ. ಎಷ್ಟು ಕಾಗದ ತೋರಿಸಿದರೂ ಅವರು ನೋಡುತ್ತಿರಲಿಲ್ಲ. ಪ್ರತಿ ಸಲ ಏಣಿ ಹತ್ತಿ, ತಲೆ ಬೋಲ್ಟಿನ ಹಸಿರು ಗೆರೆಯನ್ನು ಬೆರಳಿನಿಂದ ಮುಟ್ಟಿ, ಇಳಿದು ಬಂದು, "ಗೆರೆ ಇರುಕ್ಕು. ನಾನು ಹತ್ತಬಹುದು" ಎಂದು ಕೂರುತ್ತಿದ್ದರು. ನನ್ನನ್ನು ಹೊಗಳಿದವರಲ್ಲ, ಟೀ ಕುಡಿದೆಯಾ ಎಂದು ಕೇಳಿದವರೂ ಅಲ್ಲ. ಆದರೆ ಒಬ್ಬ ಮನುಷ್ಯ ತನ್ನ ಜೀವವನ್ನು ನಾನೆಳೆದ ಗೆರೆಯ ಮೇಲೆ ಇಡುತ್ತಿದ್ದಾನೆ ಎಂಬುದು ನನಗೆ ಹೆಮ್ಮೆಯಾಗಿತ್ತು. ಭಯವೂ ಆಗುತ್ತಿತ್ತು. ಗೆರೆ ಎಳೆಯುವಾಗ ಒಮ್ಮೊಮ್ಮೆ ಕೈ ನಡುಗಿ ಕೊನೆಯಲ್ಲಿ ಸಣ್ಣ ಬಾಲ ಉಳಿಯುತ್ತಿತ್ತು.

ಬೇಸಿಗೆ ಮುಗಿಯುವ ಹೊತ್ತಿಗೆ ಯಂತ್ರ ಹೊಲದಲ್ಲಿ ಓಡಿ, ಗೇಣೆತ್ತರ ಎದ್ದು, ಇಳಿದು ಎಲ್ಲ ಆಗಿತ್ತು. ಕೃಷ್ಣಗಿರಿ ಡ್ಯಾಮಿನ ಕಡೆ ರೆಸಾರ್ಟ್ ಕಟ್ಟಿಸುತ್ತಿದ್ದ ಒಬ್ಬರು ಬಂದು ನೋಡಿ ಮೆಚ್ಚಿದರು. ಪೂಜೆ ಮಾಡಿಸಿ ತಮ್ಮ ಮನೆಯವರ ಎದುರು ಒಮ್ಮೆ ಎತ್ತಿ ತೋರಿಸಿದರೆ ಇದರ ಜೊತೆ ಇನ್ನೂ ನಾಲ್ಕು ಮಾಡಿಸುತ್ತೇನೆ ಎಂದರು. ತೊಡಕು ಬಂದದ್ದು ಪಂಚಾಂಗದಿಂದ. ನಾವು ಆಷಾಢದಲ್ಲಿ ಹೊಸದೇನನ್ನೂ ಶುರು ಮಾಡುವುದಿಲ್ಲ. ತಮಿಳಿನವರಾದ ಅವರಿಗೆ ಆಡಿ ತಿಂಗಳು ಆಗುವುದಿಲ್ಲ. ಎರಡೂ ಒಂದೇ ಎಂದು ದೂರದವರು ತಿಳಿದಿರುತ್ತಾರೆ. ಅಲ್ಲ. ನಮ್ಮ ಆಷಾಢವು ಜ್ಯೇಷ್ಠದ ಅಮಾವಾಸ್ಯೆ ಕಳೆದ ಮಾರನೆಯ ದಿನ ಹುಟ್ಟುತ್ತದೆ. ಅವರ ಆಡಿ ಸೂರ್ಯನನ್ನು ನೋಡಿಕೊಂಡು ಬರುತ್ತದೆ. ನಮ್ಮದು ಮುಗಿಯುತ್ತ ಬಂದಾಗ ಅವರದು ಇನ್ನೂ ಎಳೆಯದು. ಈ ಗಡಿಯಲ್ಲಿ ಕನ್ನಡದವರೂ ತಮಿಳಿನವರೂ ಸೇರಿ ಏನಾದರೂ ಶುರು ಮಾಡಬೇಕೆಂದರೆ ಎರಡು ತಿಂಗಳಿಗೆ ಹತ್ತಿರ ಬಾಗಿಲು ಹಾಕಿಕೊಂಡು ಕೂರಬೇಕು. ಬೇಕಾದರೆ ಇಲ್ಲಿಯ ಮದುವೆ ಛತ್ರದವರನ್ನು ಕೇಳಿ. ಅಷ್ಟು ದಿನ ಬಿಟ್ಟರೆ ಗಿರಾಕಿ ಮನಸ್ಸು ಬದಲಿಸುತ್ತಾನೆ ಎಂದು ಎಂ.ಡಿ.ಗೆ ಪುಕಪುಕ. ಅಮಾವಾಸ್ಯೆಗೆ ಮೂರು ದಿನ ಮೊದಲು, ಭಾನುವಾರ ಬೆಳಗ್ಗೆ ಹತ್ತೂವರೆಗೆ ಮುಹೂರ್ತ ಇಡಿಸಿದ.

ಇನ್ನು ಹತ್ತು ದಿನ ಇದೆ ಎನ್ನುವಾಗ ತನ್ನ ಮುಖವಿದ್ದ ದೊಡ್ಡ ಫ್ಲೆಕ್ಸ್ ಮಾಡಿಸಿ ತಂದ. ಮುಕ್ಕಾಲು ಭಾಗ ಅವನ ಮುಖ, ಯಂತ್ರ ಕೆಳಗೆ ಮೂಲೆಯಲ್ಲಿ. ಗೇಟಿಗೆ ಕಟ್ಟಲು ಗಟ್ಟಿ ಹಗ್ಗ ಸಿಗಲಿಲ್ಲ. ಹೊಲದಲ್ಲಿ ನಿಂತ ಯಂತ್ರದ ರೆಕ್ಕೆ ಗಾಳಿಗೆ ತಿರುಗದಿರಲೆಂದು ಅದರ ತುದಿಯನ್ನು ಬಾಲಕ್ಕೆ ನೈಲಾನ್ ಹಗ್ಗದಿಂದ ಕಟ್ಟಿರುತ್ತಿದ್ದೆವು. ಅದು ಅವನ ಕಣ್ಣಿಗೆ ಬಿತ್ತು.

"ಮುನಿರಾಜು, ಅದನ್ನೇ ಬಿಚ್ಕೊಂಡು ಬಾ. ಆಮೇಲೆ ಬೇರೆ ಕಟ್ಟಿದ್ರಾಯ್ತು."

ಮುನಿರಾಜಣ್ಣ ಬಿಚ್ಚಿದ. ಊಟದ ಹೊತ್ತಾಯಿತು, ಆಮೇಲೆ ಎನ್ನುವುದು ಬರಲಿಲ್ಲ. ಗಾಳಿ ಬಂತು. ಆ ವರ್ಷ ಜ್ಯೇಷ್ಠದಲ್ಲೇ ಆಷಾಢದ ಗಾಳಿ ಎದ್ದಿತ್ತು, ಟೊಮೆಟೊ ಗಿಡದ ಊರುಗೋಲುಗಳೆಲ್ಲ ಒಂದೇ ದಿಕ್ಕಿಗೆ ವಾಲಿದ್ದವು. ನಾವು ತಟ್ಟೆ ಬಿಟ್ಟು ಓಡಿ ಬರುವಷ್ಟರಲ್ಲಿ ರೆಕ್ಕೆ ಹುಚ್ಚು ಹಿಡಿದಂತೆ ತಿರುಗುತ್ತ, ಒಂದೊಂದು ಸುತ್ತಿಗೂ ಮೇಲೆ ಕೆಳಗೆ ಬಡಿದುಕೊಳ್ಳುತ್ತಿತ್ತು. ಢಬ್, ಢಬ್ ಎಂಬ ಸದ್ದು ನನ್ನ ಎದೆಗೇ ಬೀಳುತ್ತಿತ್ತು. ಹತ್ತಿರ ಹೋದರೆ ತಲೆ ಹಾರುತ್ತದೆ. ಗಾಳಿ ಬಿಡುವವರೆಗೂ ಎಂಟು ಜನ ಕೈಕಟ್ಟಿ ನೋಡುತ್ತ ನಿಂತೆವು. ಫ್ಲೆಕ್ಸಿನಲ್ಲಿದ್ದ ಎಂ.ಡಿ. ಮುಖ ಮಾತ್ರ ಗೇಟಿನಲ್ಲಿ ಒಂದಿಷ್ಟೂ ಅಲುಗದೆ ನಗುತ್ತಿತ್ತು.

ಮಾರನೆಯ ದಿನ ತಲೆ ಬಿಚ್ಚಿಸಿದೆ. ಬೋಲ್ಟನ್ನು ಒರೆಸಿ ಉಗುರು ಎಳೆದೆ. ನಡುವೆ ಒಂದು ಕಡೆ ತಡೆಯಿತು. ತಿರುಗಿಸಿ ಎಳೆದೆ, ಮತ್ತೆ ಅಲ್ಲೇ ತಡೆಯಿತು. ಮುನಿರಾಜಣ್ಣನ ಕೈಗೆ ಕೊಟ್ಟೆ. ಅವನೂ ಉಗುರು ಎಳೆದು, ಅದೇ ಜಾಗದಲ್ಲಿ ನಿಲ್ಲಿಸಿ, ನನ್ನ ಮೇಜಿನ ಮೇಲಿಟ್ಟ.

ಹೊಸ ಬೋಲ್ಟು ವಿದೇಶದಿಂದ ಬರಬೇಕು. ಎಷ್ಟು ಆತುರ ಮಾಡಿದರೂ ಮೂರು ವಾರ. ಎಂ.ಡಿ. ನನ್ನನ್ನು ಕೋಣೆಗೆ ಕರೆದ.

"ಸರೋಜಾ, ಅದು ಗೀರಲ್ಲ. ಗ್ರೀಸ್ ಕಲೆ."

"ನೀವೇ ಉಗುರು ಎಳೆದು ನೋಡಿ ಸಾರ್."

ಅವನು ಕೈಗಳನ್ನು ಜೇಬಿಗೆ ಹಾಕಿಕೊಂಡ. "ಒಂದೇ ಸಲ. ಐದು ನಿಮಿಷ. ಹತ್ತಡಿ ಎತ್ತಿ ಇಳಿಸ್ತಾರೆ. ಆಮೇಲೆ ಹೊಸದು ಬಂದಾಗ ಹಾಕೋಣ."

"ಹತ್ತಡಿ ಮೇಲೆ ಮುರಿದ್ರೂ ರೆಕ್ಕೆ ಕೆಳಗೇ ಬೀಳೋದು ಸಾರ್, ಕೂತಿರೋರ ತಲೆ ಮೇಲೆ."

"ನಿಮಗೆ ನೆಗೆಟಿವ್ ಥಿಂಕಿಂಗ್ ಜಾಸ್ತಿ."

"ಅದಕ್ಕೇ ಅಲ್ವಾ ಸಾರ್ ನೀವು ಸಂಬಳ ಕೊಡೋದು?"

ನನ್ನ ತಪ್ಪು ಇನ್ನು ಮುಂದಿನದು. ತಳ್ಳಿದ ಸಾಮಾನನ್ನು ಗರಗಸದಿಂದ ಎರಡು ತುಂಡು ಮಾಡಿ ಎಸೆಯಬೇಕು, ಮತ್ತೆ ಯಾರೂ ಎತ್ತಿಕೊಂಡು ಹಾಕದ ಹಾಗೆ. ಹದಿನಾಲ್ಕು ವರ್ಷ ಅದನ್ನೇ ಮಾಡಿದವಳು ನಾನು. ಅವತ್ತು ಎಂ.ಡಿ. ಧ್ವನಿ ತಗ್ಗಿಸಿ, "ಕತ್ತರಿಸಬೇಡಿ, ಮಾಡಿದ ಕಂಪನಿಗೆ ಕಳಿಸಿ ಜಗಳ ಆಡಬೇಕು" ಎಂದ. ನ್ಯಾಯವಾಗಿ ಕಂಡಿತು. ಕೆಂಪು ಚೀಟಿ ಕಟ್ಟಿ ನನ್ನ ಮೇಜಿನ ಡ್ರಾಯರಿನಲ್ಲಿಟ್ಟೆ. ಪಕ್ಕದಲ್ಲೇ ನೈಲ್ ಪಾಲಿಶ್ ಸೀಸೆ ಇತ್ತು. ಡ್ರಾಯರಿಗೆ ಬೀಗ ಇರಲಿಲ್ಲ. ಇಷ್ಟು ದಡ್ಡತನ ನನ್ನ ಜೀವಮಾನದಲ್ಲಿ ಇನ್ನೊಂದು ಸಲ ಮಾಡಿಲ್ಲ.

ಮುಹೂರ್ತ ಮುಂದಕ್ಕೆ ಹೋಯಿತು ಎಂದು ಶುಕ್ರವಾರ ಎಂ.ಡಿ.ಯೇ ನನಗೆ ಹೇಳಿದ, ಶನಿವಾರ ರಜೆ ತೆಗೆದುಕೊಳ್ಳಿ ಎಂದೂ ಹೇಳಿದ. ಫ್ಯಾಮಿಲಿಯ ಮಾತಲ್ಲವೇ, ನಂಬಿದೆ. ಭಾನುವಾರ ಬೆಳಗ್ಗೆ ದೋಸೆ ಹುಯ್ಯುತ್ತಿದ್ದಾಗ ಫೋನು ಬಂತು. ಕ್ಯಾಪ್ಟನ್ ಸೆಲ್ವಂ.

"ಏನ್ ಮ್ಮಾ, ಪೂಜೆಗೆ ಬರಲಿಲ್ಲ? ಹೊಸ ಬೋಲ್ಟು ಬಂದುಬಿಡ್ತಂತೆ, ಎಂ.ಡಿ. ಹೇಳಿದಾರೆ. ನಾನೂ ಮೇಲೆ ಹತ್ತಿ ನೋಡಿದೆ, ನಿನ್ ಗೆರೆ ಇರುಕ್ಕು. ಥ್ಯಾಂಕ್ಸ್ ಹೇಳಣ ಅಂತ ಮಾಡಿದೆ."

ಅವರು ನನಗೆ ಥ್ಯಾಂಕ್ಸ್ ಹೇಳಿದ್ದು ಅದೊಂದೇ ಸಲ, ಅದೂ ನಾನು ಮಾಡದ ಕೆಲಸಕ್ಕೆ.

"ನಾನು ಗೆರೆ ಹಾಕಿಲ್ಲ ಕ್ಯಾಪ್ಟನ್! ಹತ್ತಬೇಡಿ, ನಾನು ಬರ್ತಿದೀನಿ" ಎಂದು ಕಿರುಚಿದೆ. ಆ ಕಡೆ ನಾದಸ್ವರ, ಡೋಲು. ಎಷ್ಟು ಕೇಳಿಸಿತೋ, ಫೋನು ಕಟ್ಟಾಯಿತು. ಮತ್ತೆ ಮತ್ತೆ ಮಾಡಿದೆ, ಎತ್ತಲಿಲ್ಲ. ಸ್ಟವ್ ಆರಿಸಿದೆನೋ ಇಲ್ಲವೋ ನೆನಪಿಲ್ಲ. ಯಜಮಾನರು ಸ್ಕೂಟರ್ ತೆಗೆದರು. ರಾಯಕೋಟೆ ರಸ್ತೆಯಲ್ಲಿ ಎದುರುಗಾಳಿ ಬೇರೆ, ಗಾಡಿ ಮುಂದಕ್ಕೇ ಹೋಗದ ಹಾಗೆ. ದಾರಿಯುದ್ದಕ್ಕೂ ಒಂದೇ ಯೋಚನೆ: ಆ ಮನುಷ್ಯ ನನ್ನ ಬಣ್ಣ ನೋಡಿ ಹತ್ತುತ್ತಾನೆ. ಸತ್ತರೆ ನನ್ನ ಗೆರೆಯನ್ನು ನಂಬಿ ಸಾಯುತ್ತಾನೆ.

ನಾವು ತಲುಪಿದಾಗ ಎಂಜಿನ್ ಶುರುವಾಗಿತ್ತು. ಶಾಮಿಯಾನದ ಕೆಳಗೆ ಮೂವತ್ತು ಜನ, ಪುರೋಹಿತರು, ರೇಷ್ಮೆ ಸೀರೆಯಲ್ಲಿ ಆರತಿ ತಟ್ಟೆ ಹಿಡಿದ ಗಿರಾಕಿಯ ಹೆಂಡತಿ. ಕ್ಯಾಪ್ಟನ್ ಹೆಲ್ಮೆಟ್ ಹಾಕಿ ಕೂತಿದ್ದರು. ನಾನು ಹೊಲಕ್ಕೆ ಇಳಿದು ಓಡಿ, ಯಂತ್ರದ ಮುಂದೆ ಎರಡು ಕೈ ಅಗಲಿಸಿ ನಿಂತೆ. ಎಂಜಿನ್ ನಿಂತಿತು. ನಾದಸ್ವರವೂ ನಿಂತಿತು.

ಎಂ.ಡಿ. ನಗುತ್ತಲೇ ಹತ್ತಿರ ಬಂದ. ಅವನಿಗೆ ನಗು ನಲ್ಲಿ ನೀರಿನ ಹಾಗೆ, ತಿರುಗಿಸಿದರೆ ಬರುತ್ತಿತ್ತು. "ನಮ್ಮ ಸರೋಜಮ್ಮ. ನಿನ್ನೆ ತಾನೇ ಬಂದು ಗೆರೆ ಹಾಕಿ ಹೋದ್ರು, ಮರೆತುಬಿಟ್ಟಿದಾರೆ ಪಾಪ. ವಯಸ್ಸು ನೋಡಿ" ಎಂದು ಗಿರಾಕಿಗೆ ಕೇಳುವ ಹಾಗೆ ಹೇಳಿದ. ನನಗೆ ಆಗ ನಲವತ್ತೈದು.

"ನಾನು ನಿನ್ನೆ ಮನೆಯಲ್ಲಿದ್ದೆ. ಡ್ರಾಯರಲ್ಲಿದ್ದ ಕೆಟ್ಟ ಬೋಲ್ಟನ್ನೇ ಹಾಕಿದೀರಿ" ಎಂದೆ. ಎಲ್ಲರೂ ಹುಚ್ಚಿಯನ್ನು ನೋಡಿದ ಹಾಗೆ ನೋಡಿದರು. ಆಗ ಮುನಿರಾಜಣ್ಣ ಕಣ್ಣಿಗೆ ಬಿದ್ದ. ಹೊಸ ಪಂಚೆ, ಹೆಗಲ ಮೇಲೆ ಟವೆಲು, ಏಣಿಯ ಪಕ್ಕ ನಿಂತಿದ್ದ. ಬೋಲ್ಟು ಹಾಕಲು ಅವನ ಕೈಯೇ ಬೇಕು. ಅವನಿಗೆ ಎಲ್ಲ ಗೊತ್ತು.

"ಅಣ್ಣ, ನೀನು ಹೇಳು. ಆ ಗೆರೆ ಯಾರು ಹಾಕಿದ್ದು?"

ಅವನು ಎಂ.ಡಿ.ಯನ್ನು ನೋಡಿದ. ತನ್ನ ಹೊಲವನ್ನು ನೋಡಿದ. ಆಮೇಲೆ ನೆಲ ನೋಡುತ್ತ, "ನೀನೇ ಹಾಕ್ದೆ ಕಣಮ್ಮ, ನೆನ್ನೆ" ಎಂದ.

ಅವತ್ತಿನಿಂದ ಅವನು ನನಗೆ ಬರೀ ಮುನಿರಾಜು. ಪ್ರಭಾಕರನಂಥವರು ಸುಳ್ಳು ಹೇಳುವುದು ನನಗೆ ಹೊಸದಲ್ಲ. ಇವನು ತನ್ನ ಉಗುರಿನಿಂದ ಆ ಗೀರನ್ನು ಮುಟ್ಟಿ ನೋಡಿದ್ದವನು. ಅವನನ್ನು ಪಕ್ಕಕ್ಕೆ ನೂಕಿ ಏಣಿ ಹತ್ತಿದೆ. ಗೆರೆ ಇತ್ತು, ನನ್ನದೇ ಬಣ್ಣ. ನನ್ನದಕ್ಕಿಂತ ಅಚ್ಚುಕಟ್ಟಾಗಿತ್ತು, ಕೊನೆಯಲ್ಲಿ ಬಾಲವಿರಲಿಲ್ಲ. ಹೆಬ್ಬೆರಳ ಉಗುರು ಒತ್ತಿ ಕೆರೆದೆ. ಒಣಗಿದ ಬಣ್ಣ ಸಿಪ್ಪೆಯ ಹಾಗೆ ಎದ್ದು ಬಂತು. ಬೋಲ್ಟು ಬಿಚ್ಚಿ ತೋರಿಸಿ ಎಂದು ಮೇಲಿನಿಂದಲೇ ಕೂಗಿದೆ. ಪೂಜೆ ಆದ ಯಂತ್ರವನ್ನು ಬಿಚ್ಚಬಾರದು ಎಂದು ಎಂ.ಡಿ. ಕೆಳಗಿನಿಂದ ಕೂಗಿದ.

ಕ್ಯಾಪ್ಟನ್ ಇಳಿದರು. ನಾನು ಇಳಿದ ಮೇಲೆ ಅವರು ಏಣಿ ಹತ್ತಿ, ಗೆರೆ ಇದ್ದ ಜಾಗವನ್ನು ಎಂದಿನಂತೆ ಬೆರಳಿನಿಂದ ಮುಟ್ಟಿದರು. ಕೆಳಗೆ ಬಂದು ಹೆಲ್ಮೆಟ್ಟನ್ನು ಸೀಟಿನ ಮೇಲಿಟ್ಟರು.

"ಗೆರೆ ಇಲ್ಲೆ. ನಾನು ಹತ್ತಲ್ಲ."

ಅಷ್ಟೇ ಹೇಳಿದ್ದು. ನನ್ನ ಕಡೆ ತಿರುಗಿಯೂ ನೋಡದೆ ಬೈಕ್ ಹತ್ತಿ ಹೊರಟುಹೋದರು. ಗಿರಾಕಿಯ ಹೆಂಡತಿ ಆರತಿ ತಟ್ಟೆಯನ್ನು ಕೆಳಗಿಟ್ಟು, ಇಂಥ ಅಪಶಕುನದ ಗಾಡಿ ನಮಗೆ ಬೇಡ ಎಂದು ತಮಿಳಿನಲ್ಲಿ ಗಂಡನಿಗೆ ಹೇಳಿದಳು. ಕಾರುಗಳು ಒಂದೊಂದಾಗಿ ಹೋದವು. ಅಡುಗೆಯವರು ಮೂವತ್ತು ಜನರ ಪೊಂಗಲ್ಲು ಮುಂದಿಟ್ಟುಕೊಂಡು ಕೂತಿದ್ದರು.

ಆಷಾಢ ಬಂತು, ಆಡಿ ಬಂತು. ಎರಡೂ ಮುಗಿಯುವ ಹೊತ್ತಿಗೆ ಶೆಡ್ಡು ಮುಚ್ಚಿತ್ತು. ಎಂಟು ಜನರ ಕೆಲಸ ಹೋಯಿತು, ನನ್ನದೂ ಸೇರಿ. ಹೊಸೂರಿನ ತರಕಾರಿ ಮಾರ್ಕೆಟ್ಟಿನಲ್ಲಿ ಮುನಿರಾಜುವಿನ ಹೆಂಡತಿ ಎದುರು ಸಿಕ್ಕಿ, "ನಮ್ ಹೊಲ ಕಲ್ಲಾಗೋಯ್ತು, ಅನ್ನ ಕಿತ್ಕೊಂಡೆ ಕಣೇ, ನಿನ್ ನಾಲ್ಗೆ ಸೇದೋಗ" ಎಂದು ಮೂರು ಭಾಷೆಯಲ್ಲಿ ಬೈದಳು. ಜೊತೆಗೆ ಕೆಲಸ ಮಾಡಿದವರು ನನ್ನನ್ನು ಕಂಡರೆ ಬೇರೆ ಗಲ್ಲಿಗೆ ತಿರುಗುತ್ತಿದ್ದರು. ನಾನು ಇನ್ನೆರಡು ಕಡೆ ಕೆಲಸ ಕೇಳಲು ಹೋದಾಗ, ಗೆರೆ ಹಾಕಿ ಇಲ್ಲ ಎಂದ ಹೆಂಗಸು ಎಂಬ ಮಾತು ನನಗಿಂತ ಮೊದಲೇ ಅಲ್ಲಿ ಹೋಗಿ ಕೂತಿತ್ತು. ನನಗೆ ಅತಿ ಹೆಚ್ಚು ನೋವು ಕೊಟ್ಟದ್ದು ಅದೇ. ಯಂತ್ರ ಹಾರಿ ಬಿದ್ದಿದ್ದರೆ ನಾನು ಹೇಳಿದ್ದು ನಿಜವೆಂದು ಊರೆಲ್ಲ ಒಪ್ಪುತ್ತಿತ್ತು. ಬೀಳಲಿಲ್ಲ, ಯಾರೂ ಸಾಯಲಿಲ್ಲ, ಹಾಗಾಗಿ ನಾನು ಸುಳ್ಳಿ. ಕ್ಯಾಪ್ಟನ್ ಕೂಡ ಮತ್ತೆ ಫೋನು ಮಾಡಲಿಲ್ಲ. ಬದುಕಿದ್ದಾರಲ್ಲ, ಮಾಡದಿದ್ದರೆ ಬೇಡ ಎಂದು ನಾನೂ ಸುಮ್ಮನಾದೆ. ಸುಮ್ಮನಾದೆ ಎಂದದ್ದು ಬಾಯಿಗೆ ಮಾತ್ರ.

ಹೋಟೆಲಿನಲ್ಲಿ ಪರೋಟ ಬರುವ ಮೊದಲೇ ಇಷ್ಟೆಲ್ಲ ತಲೆಯೊಳಗೆ ಓಡಿಹೋಯಿತು. ಅಷ್ಟರಲ್ಲಿ ಯಾರೋ ಹೆಂಗಸು ನಾಲ್ಕೈದು ವರ್ಷದ ಹುಡುಗಿಯನ್ನು ಎತ್ತಿ ಯಂತ್ರದ ಸೀಟಿನಲ್ಲಿ ಕೂರಿಸಿ, ಫೋನು ಹಿಡಿದು ಹಿಂದೆ ಹಿಂದೆ ನಡೆದಳು. ಗಾಳಿ ಜೋರಾಗಿತ್ತು. ರೆಕ್ಕೆ ಈಗ ಮೆಲ್ಲಗೆ ತಿರುಗುತ್ತಿರಲಿಲ್ಲ. ಢಬ್ ಎಂದು ಒಂದು ಸಲ ಬಡಿದ ಸದ್ದು ಕೇಳಿಸಿತು. ನಾನು ಎದ್ದು ಓಡಿದೆ.

"ಮಗೂನ ಇಳ್ಸಮ್ಮ."

"ಯಾಕ್ರೀ? ಎಲ್ರೂ ಕೂರಿಸ್ತಾವ್ರಲ್ಲ."

"ಇಳ್ಸು ಅಂದ್ನಲ್ಲ!"

ನನ್ನ ಧ್ವನಿಗೆ ಹೆದರಿ ಇಳಿಸಿಕೊಂಡಳು. ಸೀಟಿ ಊದುತ್ತ ವಾಚ್‌ಮನ್ ಬಂದ. ನೀಲಿ ಬಟ್ಟೆ, ಪೂರ್ತಿ ಬೆಳ್ಳಗಾದ ತಲೆ. ಮುನಿರಾಜು. ನನ್ನನ್ನು ನೋಡಿ ಸೀಟಿ ಬಾಯಿಂದ ಬಿತ್ತು.

"ಸರೋಜಮ್ಮ... ಯಂತ್ರ ಇಷ್ಟ್ ವರ್ಸ ನಮ್ಮೂರ್ ಶೆಡ್ನಾಗೇ ಇತ್ತು. ಇಲ್ಲಿ ತಂದು ನಿಲ್ಸಕ್ಕೆ ಅಂತ ಬಂದೆ. ನನ್ನೂ ಕಾವ್ಲಿಗೆ ಇಲ್ಲೇ ಇಟ್ಕೊಂಬುಟ್ರು" ಎಂದ, ನಾನು ಕೇಳದಿದ್ದರೂ.

"ರೆಕ್ಕೆ ನಿಲ್ಸು" ಎಂದೆ. ಕೆಳಗಿನಿಂದಲೇ ಎಳೆದು ರೆಕ್ಕೆ ನಿಲ್ಲಿಸಲು ಹೋಟೆಲಿನವರು ಅದರ ಬ್ರೇಕಿಗೆ ಒಂದು ಸರಪಳಿ ಕಟ್ಟಿದ್ದರು. ಅವನು ಅದನ್ನು ಎಳೆದ, ರೆಕ್ಕೆ ನಿಧಾನವಾಗಿ ನಿಂತಿತು. ನಾನು ಮೆಟ್ಟಿಲು ಹತ್ತಿ, ಸೀಟಿನ ಮೇಲೆ ನಿಂತು ಕತ್ತೆತ್ತಿದೆ. ಮೈಯೆಲ್ಲ ಕೆಂಪು ಹಳದಿ ಬಳಿದ ಯಂತ್ರದಲ್ಲಿ ತಲೆ ಬೋಲ್ಟಿನ ಮೇಲೆ ಮಾತ್ರ ನವಿಲು ಹಸಿರಿನ ಗೆರೆ. ಈಚಿನದು, ಬಣ್ಣ ಇನ್ನೂ ಮಾಸಿರಲಿಲ್ಲ. ಬಾಲವಿಲ್ಲದ್ದು.

"ಇದು ಯಾರು ಎಳ್ದಿದ್ದು?"

"ನಾನೇ. ಪ್ರತಿ ವರ್ಸ ಆಯುಧಪೂಜೆಗೆ ಎಳೀತೀನಿ. ಅದೇ ಅಂಗ್ಡೀಲಿ ಬಣ್ಣ ತತ್ತೀನಿ. ನಿನ್ ಗುರ್ತು ಇರ್ಲಿ ಅಂತ..." ಅವನು ಬಗ್ಗಿ ಬಿದ್ದ ಸೀಟಿ ಎತ್ತಿಕೊಂಡ. "ಏನೋ ಒಂದು, ತಪ್ ಕಾಣ್ಕೆ ಇಟ್ಟಂಗೆ."

"ಬೋಲ್ಟು ಬದ್ಲಾಯ್ಸಿದ್ಯಾ?"

"ಇಲ್ಲ. ಅದೇ ಹಳೇದು. ಹಾರೋದಲ್ವಲ್ಲ ಅಂತ ಬುಟ್ಬುಟ್ಟೆ."

ಏಳು ವರ್ಷ ಅದೇ ಗೀರಿನ ಮೇಲೆ ನನ್ನ ಬಣ್ಣ ಹಚ್ಚುತ್ತ ಬಂದಿದ್ದಾನೆ, ಭಕ್ತಿಯಿಂದ. ಕೆಳಗೆ ಮಕ್ಕಳನ್ನು ಕೂರಿಸುತ್ತಿದ್ದಾರೆ. ಹೆಬ್ಬೆರಳ ಉಗುರು ಒತ್ತಿ ಕೆರೆದೆ. ಚೂರೂ ಉಳಿಯದ ಹಾಗೆ ಕೆರೆದು ಕೆಳಗಿಳಿದೆ.

"ಅವತ್ತಿನ ಗೆರೆ ಯಾರು ಹಾಕಿದ್ದು?"

ಅವನು ನೆಲ ನೋಡಿದ. ಅವತ್ತಿನ ಹಾಗೆಯೇ. "ನಾನೇ" ಎಂದ.

"ಕೇಳಿಸ್ಲಿಲ್ಲ. ಅವತ್ತು ಮೂವತ್ತು ಜನದ ಮುಂದೆ ಹೇಳ್ದೆಯಲ್ಲ, ಅಷ್ಟು ಜೋರಾಗಿ ಹೇಳು."

"ನಾನೇ ಹಾಕ್ದೆ! ನೀನು ಬಂದೇ ಇರ್ಲಿಲ್ಲ!"

ಪರೋಟ ಬಡಿಯುತ್ತಿದ್ದವನು ಕೈ ನಿಲ್ಲಿಸಿ ನೋಡಿದ. ಮಗುವನ್ನು ಎತ್ತಿಕೊಂಡ ಹೆಂಗಸು ನೋಡಿದಳು. ನಮ್ಮ ಯಜಮಾನರು ತುತ್ತು ಬಾಯಲ್ಲಿಟ್ಟುಕೊಂಡೇ ಎದ್ದು ನಿಂತಿದ್ದರು. ಕೇಳಿದವರು ಅಷ್ಟೇ ಜನ. ಅವರಲ್ಲಿ ಇಬ್ಬರಿಗೆ ನಾನು ಯಾರೆಂದೇ ಗೊತ್ತಿಲ್ಲ.

"ಹಗ್ಗ ಐತಾ?" ಎಂದೆ.

ಹೋಟೆಲಿನ ಹಿಂದಿನಿಂದ ತಂದ. ರೆಕ್ಕೆಯ ತುದಿಯನ್ನು ಬಾಲಕ್ಕೆ ಕಟ್ಟಿದ. ನಾನು ಹೋಗಿ ಗಂಟನ್ನು ಜಗ್ಗಿ ನೋಡಿದೆ. ಸಡಿಲವಿತ್ತು.

"ಬಿಚ್ಚಿ ಇನ್ನೊಂದು ಸಲ ಕಟ್ಟಣ್ಣ" ಎಂದೆ.